‘ಕರೆಂಟು ಕಮ್ಮಿ’ ಎಂದಾಗ ಮೋಟಾರು ಸುಡುವುದೇಕೆ?



ಪರದೆಯ ಮೇಲೆ ಲೆಕ್ಕ ಬೇಗ ಸರಿದುಹೋಗುತ್ತದೆ. ಕೇಳುವಾಗ ಅರ್ಥವಾದಂತೆ ಕಂಡದ್ದು ಬರೆಯಲು ಕುಳಿತಾಗ ಕೈಕೊಡುತ್ತದೆ. ಆದ್ದರಿಂದ ಈ ಲೇಖನವನ್ನು ಪೆನ್ಸಿಲು, ಕಾಗದ ಜೊತೆಗಿಟ್ಟುಕೊಂಡು ಓದಬೇಕೆಂದು ವಿನಂತಿ. ಇಲ್ಲಿ ಬರುವ ಗಣಿತವೆಲ್ಲ ಗುಣಾಕಾರ, ಭಾಗಾಕಾರ ಅಷ್ಟೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯ ಒಂದು ತೆಂಗಿನ ತೋಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೇಸಿಗೆಯ ಸಂಜೆ. ತ್ರೀ ಫೇಸ್ ಬಂದಿದೆ, ಕೊಳವೆ ಬಾವಿಯ ಮೋಟಾರು ಓಡುತ್ತಿದೆ. ಅಷ್ಟರಲ್ಲಿ ಮನೆಯ ಬಲ್ಬು ಮಂಕಾಗುತ್ತದೆ. ಜಗಲಿಯ ಮೇಲಿದ್ದ ಅಜ್ಜ ಕೂಗುತ್ತಾರೆ: “ಲೋ ಮಗ, ಕರೆಂಟು ಕಮ್ಮಿ ಆಗೈತೆ, ಮೋಟ್ರು ಆಫ್ ಮಾಡು, ಸುಟ್ಟೋಗುತ್ತೆ!”

ಅಜ್ಜನ ಎಚ್ಚರಿಕೆ ನೂರಕ್ಕೆ ನೂರು ಸರಿ. ಆದರೆ ಭೌತಶಾಸ್ತ್ರ ಓದಿದ ಮೊಮ್ಮಗನಿಗೆ ಒಂದು ಸಂಶಯ ಬರಬೇಕು. ಕರೆಂಟು ಕಡಿಮೆಯಾದರೆ ಶಾಖವೂ ಕಡಿಮೆಯಾಗಬೇಕಲ್ಲವೇ? ಹಾಗಿದ್ದರೆ ಮೋಟಾರು ತಂಪಾಗುವ ಬದಲು ಸುಡುವುದೇಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ರೋಧ, ಸಾಮರ್ಥ್ಯಗಳ ಪಾಠವೆಲ್ಲ ಸಿಕ್ಕಂತೆಯೇ.

ಮೂರು ಅಳತೆಗಳು

ನಾವು ಮಾತಿನಲ್ಲಿ ‘ಕರೆಂಟು’ ಎನ್ನುವುದು ಎಲ್ಲಕ್ಕೂ ಒಂದೇ ಹೆಸರು. ವಿಜ್ಞಾನದಲ್ಲಿ ಹಾಗಲ್ಲ. ಅಲ್ಲಿ ಮೂರು ಬೇರೆ ಬೇರೆ ಅಳತೆಗಳಿವೆ. ಅವನ್ನು ತಿಳಿಯಲು ತೋಟದ ಹನಿ ನೀರಾವರಿ ಪೈಪನ್ನೇ ನೋಡೋಣ.

ಪೈಪಿನಲ್ಲಿ ನೀರನ್ನು ಮುಂದಕ್ಕೆ ತಳ್ಳುವುದು ಒತ್ತಡ. ವಿದ್ಯುತ್ತಿನಲ್ಲಿ ಈ ಕೆಲಸ ಮಾಡುವುದು ವಿಭವಾಂತರ, ಅಂದರೆ ವೋಲ್ಟೇಜ್. ಇದರ ಮಾನ ವೋಲ್ಟ್. ಒಂದು ಸೆಕೆಂಡಿನಲ್ಲಿ ಪೈಪಿನ ಮೂಲಕ ಎಷ್ಟು ನೀರು ಹಾಯುತ್ತದೆಂಬುದು ಹರಿವು. ವಿದ್ಯುತ್ತಿನಲ್ಲಿ ಇದೇ ಪ್ರವಾಹ. ಇದರ ಮಾನ ಆಂಪಿಯರ್. ಪೈಪು ಕಿರಿದಾದಷ್ಟೂ, ಉದ್ದವಾದಷ್ಟೂ ನೀರಿಗೆ ಅಡ್ಡಿ ಹೆಚ್ಚು. ವಿದ್ಯುತ್ತಿನಲ್ಲಿ ಈ ಅಡ್ಡಿಗೆ ರೋಧ ಎಂದು ಹೆಸರು. ಇದರ ಮಾನ ಓಮ್.

ಈ ಮೂರಕ್ಕೂ ಇರುವ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದವನು ಜರ್ಮನಿಯ ಗಿಯೋರ್ಗ್ ಸೈಮನ್ ಓಮ್. ಕೊಲೋನ್ ನಗರದಲ್ಲಿ ಶಾಲಾ ಶಿಕ್ಷಕನಾಗಿದ್ದಾಗ ಅವನು ಇದಕ್ಕಾಗಿ ಪ್ರಯೋಗಗಳನ್ನು ಮಾಡಿದ್ದ. ಲೋಹದ ತಂತಿಯ ಉಷ್ಣತೆ ಬದಲಾಗದಿದ್ದರೆ, ವೋಲ್ಟೇಜ್ ಎಷ್ಟು ಪಟ್ಟು ಹೆಚ್ಚುತ್ತದೆಯೋ ಪ್ರವಾಹವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಆದ್ದರಿಂದ,

ರೋಧ = ವೋಲ್ಟೇಜ್ ÷ ಪ್ರವಾಹ

ಒಂದು ತಂತಿಯ ಎರಡು ತುದಿಗಳ ನಡುವೆ 3 ವೋಲ್ಟ್ ಕೊಟ್ಟಾಗ 0.6 ಆಂಪಿಯರ್ ಹರಿದರೆ ಅದರ ರೋಧ 3 ÷ 0.6 = 5 ಓಮ್. ಅದೇ ತಂತಿಗೆ 1.5 ವೋಲ್ಟ್ ಕೊಟ್ಟರೆ 0.3 ಆಂಪಿಯರ್ ಹರಿಯುತ್ತದೆ. ಆಗಲೂ ರೋಧ 5 ಓಮ್. ಪ್ರಯೋಗಾಲಯದಲ್ಲಿ ಇದನ್ನು ನೀವೇ ಮಾಡಿ ನೋಡಬಹುದು. ಅಮ್ಮೀಟರನ್ನು ಮಂಡಲದಲ್ಲಿ ಸರಣಿಯಾಗಿ, ವೋಲ್ಟ್‌ಮೀಟರನ್ನು ತಂತಿಗೆ ಸಮಾಂತರವಾಗಿ ಜೋಡಿಸಬೇಕೆಂಬುದನ್ನು ಮರೆಯದಿರಿ. ಈ ಪ್ರಯೋಗ ಟಾರ್ಚಿನ ಸೆಲ್ಲುಗಳಿಂದ ಮಾತ್ರ. ಮನೆಯ ಪ್ಲಗ್ಗಿನಿಂದ ಎಂದಿಗೂ ಕೂಡದು.

ಸಾಮರ್ಥ್ಯದ ಲೆಕ್ಕ

ಒಂದು ಸೆಕೆಂಡಿನಲ್ಲಿ ಎಷ್ಟು ವಿದ್ಯುತ್ ಶಕ್ತಿ ಶಾಖವಾಗಿಯೋ ಬೆಳಕಾಗಿಯೋ ಕೆಲಸವಾಗಿಯೋ ಬದಲಾಗುತ್ತದೆ ಎಂಬುದೇ ಸಾಮರ್ಥ್ಯ. ಇದರ ಮಾನ ವ್ಯಾಟ್.

ಸಾಮರ್ಥ್ಯ = ವೋಲ್ಟೇಜ್ × ಪ್ರವಾಹ

ಓಮನ ನಿಯಮವನ್ನು ಇದರೊಳಗೆ ಸೇರಿಸಿದರೆ ಇನ್ನೆರಡು ರೂಪಗಳು ಸಿಗುತ್ತವೆ:

ಸಾಮರ್ಥ್ಯ = ಪ್ರವಾಹ × ಪ್ರವಾಹ × ರೋಧ
ಸಾಮರ್ಥ್ಯ = (ವೋಲ್ಟೇಜ್ × ವೋಲ್ಟೇಜ್) ÷ ರೋಧ

ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಹೀಟರ್ ಕಾಯಿಲನ್ನು ತೆಗೆದುಕೊಳ್ಳೋಣ. ಅದರ ಮೇಲೆ ‘230 ವೋಲ್ಟ್, 1000 ವ್ಯಾಟ್’ ಎಂದು ಬರೆದಿದೆ. ಪ್ರವಾಹ 1000 ÷ 230 = 4.35 ಆಂಪಿಯರ್. ರೋಧ 230 × 230 ÷ 1000 = 52.9 ಓಮ್.

ಈಗ ವೋಲ್ಟೇಜ್ 180ಕ್ಕೆ ಇಳಿಯಿತೆನ್ನಿ. ಕಾಯಿಲಿನ ರೋಧ ಹೆಚ್ಚು ಬದಲಾಗುವುದಿಲ್ಲ. ಪ್ರವಾಹ 180 ÷ 52.9 = 3.4 ಆಂಪಿಯರ್. ಸಾಮರ್ಥ್ಯ 180 × 3.4 = 612 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇಕಡಾ 22; ಶಾಖ ಇಳಿದದ್ದು ಶೇಕಡಾ 39! 15 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 50 ಡಿಗ್ರಿಗೆ ಕಾಯಿಸಲು ಪೂರ್ಣ ವೋಲ್ಟೇಜಿನಲ್ಲಿ ಸುಮಾರು 26 ನಿಮಿಷ ಸಾಕು. 180 ವೋಲ್ಟಿನಲ್ಲಿ ಸುಮಾರು 43 ನಿಮಿಷ ಬೇಕು. ಸ್ನಾನಕ್ಕೆ ತಡವಾಗುತ್ತದೆ. ಆದರೆ ಕಾಯಿಲು ಸುಡುವುದಿಲ್ಲ.

ಹಳೆಯ ತಂತು ಬಲ್ಬಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ವೋಲ್ಟೇಜ್ ಇಳಿದರೆ ಪ್ರವಾಹ ಇಳಿಯುತ್ತದೆ, ಬೆಳಕು ಮಂಕಾಗುತ್ತದೆ. ಅಜ್ಜ ‘ಕರೆಂಟು ಕಮ್ಮಿ’ ಎಂದದ್ದು ಬಲ್ಬಿನ ಮಟ್ಟಿಗೆ ಅಕ್ಷರಶಃ ನಿಜ.

ತಂತಿಯೂ ಒಂದು ರೋಧವೇ

ವೋಲ್ಟೇಜ್ ಇಳಿಯುವುದಾದರೂ ಏಕೆ? ಹನಿ ನೀರಾವರಿ ಪೈಪಿನ ಕೊನೆಯ ಮರಕ್ಕೆ ನೀರಿನ ಒತ್ತಡ ಕಡಿಮೆಯಾಗುವ ಕಾರಣವೇ ಇಲ್ಲೂ ಇದೆ. ದಾರಿಯಲ್ಲಿ ಸವೆತ.

ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ, ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ತಂತಿಯ ರೋಧ ಸುಮಾರು 0.028 ಓಮ್. ತಾಮ್ರಕ್ಕೆ ಸುಮಾರು 0.017 ಓಮ್. ಉದ್ದ ಹೆಚ್ಚಿದಂತೆ ರೋಧ ಹೆಚ್ಚುತ್ತದೆ. ದಪ್ಪ ಹೆಚ್ಚಿದಂತೆ ಕಡಿಮೆಯಾಗುತ್ತದೆ.

ತೋಟದ ಮನೆಯೊಂದು ಕಂಬದಿಂದ 200 ಮೀಟರ್ ದೂರದಲ್ಲಿದೆ. 2.5 ಚದರ ಮಿಲಿಮೀಟರ್ ಅಲ್ಯೂಮಿನಿಯಂ ತಂತಿ ಎಳೆದಿದ್ದಾರೆ. ಪ್ರವಾಹ ಹೋಗಿ ಬರಬೇಕಾದ್ದರಿಂದ ತಂತಿಯ ಉದ್ದ 400 ಮೀಟರ್.

ತಂತಿಯ ರೋಧ = 0.028 × 400 ÷ 2.5 = 4.48 ಓಮ್

ಆ ಮನೆಯಲ್ಲಿ ನಮ್ಮ ಹೀಟರ್ ಕಾಯಿಲನ್ನು ಹಾಕಿದರೆ ಒಟ್ಟು ರೋಧ 52.9 + 4.48 = 57.4 ಓಮ್. ಪ್ರವಾಹ 230 ÷ 57.4 = 4.01 ಆಂಪಿಯರ್. ತಂತಿಯಲ್ಲೇ ಕಳೆದುಹೋಗುವ ವೋಲ್ಟೇಜ್ 4.01 × 4.48 = 18 ವೋಲ್ಟ್. ಕಾಯಿಲಿಗೆ ಉಳಿದದ್ದು 212 ವೋಲ್ಟ್, ಸಾಮರ್ಥ್ಯ 850 ವ್ಯಾಟ್. ತಂತಿಯನ್ನು ಬಿಸಿ ಮಾಡಲು ವ್ಯರ್ಥವಾದದ್ದು 4.01 × 4.01 × 4.48 = 72 ವ್ಯಾಟ್. ಎರಡನ್ನೂ ಕೂಡಿಸಿ: 922. ಕಂಬದಿಂದ ಬಂದದ್ದು 230 × 4.01, ಅದೂ 922. ಲೆಕ್ಕ ತಾಳೆಯಾಯಿತು.

ಇದೇ ತಂತಿಯನ್ನು 6 ಚದರ ಮಿಲಿಮೀಟರಿನದು ಮಾಡಿದರೆ ನಷ್ಟ 72ರಿಂದ 33 ವ್ಯಾಟಿಗೆ ಇಳಿಯುತ್ತದೆ. ‘ತಂತಿ ದಪ್ಪ ಹಾಕಿಸಿ’ ಎಂದು ತಿಳಿದ ಎಲೆಕ್ಟ್ರಿಷಿಯನ್ ಹೇಳುವುದು ಸುಮ್ಮನೆ ಅಲ್ಲ.

ಮೋಟಾರಿನ ದಾರಿ ಬೇರೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. 5 ಹೆಚ್.ಪಿ. ತ್ರೀ ಫೇಸ್ ಮೋಟಾರಿನ ಒಂದು ಸುರುಳಿಯ ರೋಧ 1.5 ಓಮ್ ಎಂದು ಇಟ್ಟುಕೊಳ್ಳೋಣ. ಆ ಸುರುಳಿಗೆ 230 ವೋಲ್ಟ್ ಸಿಗುತ್ತಿದೆ. ಓಮನ ನಿಯಮವನ್ನು ನೇರವಾಗಿ ಹಾಕಿದರೆ ಪ್ರವಾಹ 230 ÷ 1.5 = 153 ಆಂಪಿಯರ್ ಬರುತ್ತದೆ. ಆದರೆ ಪ್ಯಾನಲ್ ಬೋರ್ಡಿನ ಅಮ್ಮೀಟರಿನಲ್ಲಿ 9 ಆಂಪಿಯರಿನ ಆಸುಪಾಸು ಮಾತ್ರ ಕಾಣುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಮೋಟಾರಿನ ಸುರುಳಿ ಬರೀ ತಂತಿಯಲ್ಲ. ಅದರೊಳಗೆ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವಿದೆ. ಆ ಕ್ಷೇತ್ರ ಸುರುಳಿಯಲ್ಲೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ, ಬರುವ ವೋಲ್ಟೇಜನ್ನು ಬಹುಮಟ್ಟಿಗೆ ತಡೆಯುತ್ತದೆ. ಪ್ರವಾಹವನ್ನು ಹಿಡಿತದಲ್ಲಿ ಇಡುವುದು ಈ ಎದುರು ವೋಲ್ಟೇಜೇ ಹೊರತು ಸುರುಳಿಯ ರೋಧ ಅಲ್ಲ. ಮೋಟಾರು ಹೊರಡುವ ಗಳಿಗೆಯಲ್ಲಿ, ಅಂದರೆ ಇನ್ನೂ ತಿರುಗದಿದ್ದಾಗ, ಈ ತಡೆ ಕಡಿಮೆ. ಆದ್ದರಿಂದಲೇ ಆಗ ಮಾಮೂಲಿಗಿಂತ ಐದಾರು ಪಟ್ಟು ಪ್ರವಾಹ ನುಗ್ಗುತ್ತದೆ.

ಓಡುತ್ತಿರುವ ಮೋಟಾರು ಎಷ್ಟು ಪ್ರವಾಹ ಎಳೆಯಬೇಕೆಂಬುದನ್ನು ಅದರ ಮೇಲಿರುವ ಕೆಲಸ ನಿರ್ಧರಿಸುತ್ತದೆ. ನೂರಾರು ಅಡಿ ಆಳದಿಂದ ನೀರೆತ್ತುವ ಕೆಲಸ ವೋಲ್ಟೇಜ್ ಇಳಿಯಿತೆಂದು ಹಗುರವಾಗುವುದಿಲ್ಲ. ವೋಲ್ಟೇಜ್ ಇಳಿದಾಗ ಕಾಂತಕ್ಷೇತ್ರ ದುರ್ಬಲವಾಗುತ್ತದೆ, ತಿರುಗುವ ಭಾಗ ಸ್ವಲ್ಪ ಹಿಂದೆ ಬೀಳುತ್ತದೆ, ಆ ಕೊರತೆಯನ್ನು ತುಂಬಲು ಹೆಚ್ಚು ಪ್ರವಾಹ ಎಳೆಯುತ್ತದೆ.

ತ್ರೀ ಫೇಸಿನ ಸಾಮರ್ಥ್ಯದ ಸೂತ್ರ ಹೀಗಿದೆ:

ಸಾಮರ್ಥ್ಯ = 1.732 × ವೋಲ್ಟೇಜ್ × ಪ್ರವಾಹ × ಪವರ್ ಫ್ಯಾಕ್ಟರ್

ಇಲ್ಲಿ ವೋಲ್ಟೇಜ್ ಎಂದರೆ ಎರಡು ಫೇಸುಗಳ ನಡುವಿನದು. ಪವರ್ ಫ್ಯಾಕ್ಟರ್ ಎಂದರೆ ಎಳೆದ ಪ್ರವಾಹದಲ್ಲಿ ನಿಜವಾಗಿ ಕೆಲಸಕ್ಕೆ ಬೀಳುವ ಪಾಲು. 1 ಹೆಚ್.ಪಿ. ಎಂದರೆ 746 ವ್ಯಾಟ್, 5 ಹೆಚ್.ಪಿ. ಎಂದರೆ 3730 ವ್ಯಾಟ್. ಮೋಟಾರಿನ ದಕ್ಷತೆ ಶೇಕಡಾ 75 ಎಂದಿಟ್ಟರೆ ಅದು ಎಳೆಯುವುದು ಸುಮಾರು 4970 ವ್ಯಾಟ್. ಪವರ್ ಫ್ಯಾಕ್ಟರ್ 0.8 ಆದರೆ 400 ವೋಲ್ಟಿನಲ್ಲಿ ಪ್ರವಾಹ ಸುಮಾರು 9 ಆಂಪಿಯರ್.

ವೋಲ್ಟೇಜ್ 320ಕ್ಕೆ ಇಳಿಯಿತು. ಕೆಲಸ ಅಷ್ಟೇ ಇರುವುದರಿಂದ ಪ್ರವಾಹ 9 × 400 ÷ 320 = 11.25 ಆಂಪಿಯರ್. ಇದು ಸ್ಥೂಲ ಲೆಕ್ಕವೇ ಆದರೂ ದಿಕ್ಕು ಸ್ಪಷ್ಟವಾಗಿದೆ. ಬಲ್ಬಿನಲ್ಲಿ ಕರೆಂಟು ಇಳಿದ ಹೊತ್ತಿನಲ್ಲೇ ಮೋಟಾರಿನಲ್ಲಿ ಕರೆಂಟು ಏರಿದೆ!

ಸುರುಳಿಗಳಲ್ಲಿ ಹುಟ್ಟುವ ಶಾಖವನ್ನು ಈಗ ನೋಡಿ. ಮೂರು ಸುರುಳಿ, ಪ್ರತಿಯೊಂದಕ್ಕೂ 1.5 ಓಮ್.

400 ವೋಲ್ಟಿನಲ್ಲಿ: 3 × 9 × 9 × 1.5 = 364 ವ್ಯಾಟ್
320 ವೋಲ್ಟಿನಲ್ಲಿ: 3 × 11.25 × 11.25 × 1.5 = 570 ವ್ಯಾಟ್

ಪ್ರವಾಹ ಏರಿದ್ದು ಶೇಕಡಾ 25. ಶಾಖ ಏರಿದ್ದು ಶೇಕಡಾ 56. ಪ್ರವಾಹವನ್ನು ಅದರಿಂದಲೇ ಗುಣಿಸುವುದರ ಫಲ ಇದು. ಕೊಳವೆ ಬಾವಿಯೊಳಗಿನ ಮೋಟಾರಿಗೆ ತಂಪು ಕೊಡುವುದು ಅದರ ಮೈ ಸವರಿ ಹರಿಯುವ ನೀರು ಮಾತ್ರ. ಬೇಸಿಗೆಯಲ್ಲಿ ನೀರು ಕೆಳಗಿಳಿದಿದ್ದರೆ ಆ ತಂಪೂ ಕಡಿಮೆ. ಸುರುಳಿಯ ತಂತಿಯ ಮೇಲಿನ ನಿರೋಧಕ ಹೊದಿಕೆ ಶಾಖಕ್ಕೆ ಹಾಳಾಗುತ್ತದೆ. ಒಂದೆಡೆ ಹೊದಿಕೆ ಹೋದರೆ ತಂತಿಗೆ ತಂತಿ ತಾಗಿ ವೈಂಡಿಂಗ್ ಸುಡುತ್ತದೆ.

ಕರ್ನಾಟಕದಲ್ಲಿ 10 ಹೆಚ್.ಪಿ.ವರೆಗಿನ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ. ಆದರೆ ಮೋಟಾರನ್ನು ಮೇಲೆತ್ತುವ ಕೂಲಿ, ವೈಂಡಿಂಗಿನ ಖರ್ಚು ಉಚಿತವಲ್ಲ. ಅದು ಮುಗಿಯುವವರೆಗೆ ತೆಂಗಿಗೆ ನೀರೂ ಇಲ್ಲ.

ಸಾಲಿನ ಕೊನೆಯ ತೋಟ

ಹಳ್ಳಿಗಳಲ್ಲಿ ‘ಟಿ.ಸಿ.’ ಎಂದು ಕರೆಯುವ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು 400 ವೋಲ್ಟಿಗೆ ಇಳಿಸುತ್ತದೆ. ಅದರ ಮೇಲೆ 63 ಕೆ.ವಿ.ಎ. ಎಂದು ಬರೆದಿದ್ದರೆ ಅದು ಒಂದೊಂದು ಫೇಸಿನಲ್ಲೂ ಕೊಡಬಲ್ಲ ಪ್ರವಾಹ 63,000 ÷ (1.732 × 400) = ಸುಮಾರು 91 ಆಂಪಿಯರ್. 9 ಆಂಪಿಯರಿನ ಹತ್ತು ಮೋಟಾರುಗಳಿಗೆ ಸರಿಯಾಯಿತು. ಹನ್ನೊಂದನೆಯದು ಹೊರೆಯೇ.

ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರುಗಳಿಂದ ಹತ್ತೂ ಮೋಟಾರುಗಳು ಒಟ್ಟಿಗೆ ಹೊರಟರೆ ಏನಾಗುತ್ತದೆ? ಒಂದೊಂದೂ ಐದು ಪಟ್ಟು ಎಳೆದರೆ 10 × 9 × 5 = 450 ಆಂಪಿಯರ್. ಫ್ಯೂಸು ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಟಿ.ಸಿ.ಯಿಂದ ಅರ್ಧ ಕಿಲೋಮೀಟರ್ ದೂರಕ್ಕೆ ಹೋಗುವ ಪ್ರತಿ ತಂತಿಯ ರೋಧ 0.5 ಓಮ್ ಎನ್ನಿ. ಆ ತುದಿಯಲ್ಲಿ ನಾಲ್ಕು ಮೋಟಾರು ಓಡಿದರೆ ಪ್ರವಾಹ 36 ಆಂಪಿಯರ್. ಮೂರು ತಂತಿಗಳಲ್ಲಿ ನಷ್ಟ 3 × 36 × 36 × 0.5 = 1944 ವ್ಯಾಟ್. ಎಂಟು ಮೋಟಾರು ಓಡಿದರೆ, ಒಂದೊಂದಕ್ಕೂ 9 ಆಂಪಿಯರ್ ಎಂದೇ ಇಟ್ಟುಕೊಂಡರೂ, ಪ್ರವಾಹ 72 ಆಂಪಿಯರ್, ನಷ್ಟ 7776 ವ್ಯಾಟ್. ಮೋಟಾರು ಎರಡು ಪಟ್ಟು, ನಷ್ಟ ನಾಲ್ಕು ಪಟ್ಟು. 10 ಹೆಚ್.ಪಿ.ಗೂ ಮಿಗಿಲಾದ ಸಾಮರ್ಥ್ಯ ತಂತಿಯನ್ನು ಬಿಸಿ ಮಾಡುವುದರಲ್ಲೇ ಮುಗಿಯಿತು!

ಇಲ್ಲೊಂದು ವಿಷಚಕ್ರವಿದೆ. ಪ್ರವಾಹ ಹೆಚ್ಚಿದರೆ ದಾರಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಮೋಟಾರುಗಳು ಇನ್ನಷ್ಟು ಪ್ರವಾಹ ಎಳೆಯುತ್ತವೆ. ಆಗ ವೋಲ್ಟೇಜ್ ಮತ್ತಷ್ಟು ಇಳಿಯುತ್ತದೆ. ಇದರ ಪೆಟ್ಟು ಮೊದಲು ಬೀಳುವುದು ಸಾಲಿನ ಕೊನೆಯ ತೋಟಕ್ಕೆ. ಅವರ ಮೋಟಾರು ಕೆಟ್ಟದ್ದೆಂದಲ್ಲ, ಅವರ ತೋಟ ದೂರವೆಂದು.

ಶಿವನಸಮುದ್ರ ಕಲಿಸಿದ ಪಾಠ

ಇದೇ ಸಮಸ್ಯೆಯನ್ನು ನಮ್ಮ ನಾಡು ಶತಮಾನಕ್ಕೂ ಹಿಂದೆಯೇ ಎದುರಿಸಿ ಗೆದ್ದಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕೊಟ್ಟಿತು. ದೂರ ಸುಮಾರು 147 ಕಿಲೋಮೀಟರ್. ಅರ್ಧ ಕಿಲೋಮೀಟರಿಗೇ ಇಷ್ಟು ನಷ್ಟವಾದರೆ ಅಷ್ಟು ದೂರಕ್ಕೆ ಸಾಗಿಸಿದ್ದು ಹೇಗೆ? ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ.

ಸಾಮರ್ಥ್ಯ ಅಷ್ಟೇ ಇರುವಾಗ ವೋಲ್ಟೇಜ್ ಏರಿಸಿದರೆ ಪ್ರವಾಹ ಇಳಿಯುತ್ತದೆ. ಪ್ರವಾಹ ಇಳಿದರೆ ನಷ್ಟ ಅದರ ವರ್ಗದಷ್ಟು ಇಳಿಯುತ್ತದೆ. ನಮ್ಮ ಎಂಟು ಮೋಟಾರುಗಳ ಲೆಕ್ಕಕ್ಕೇ ಇದನ್ನು ಹಾಕಿ. 11,000 ವೋಲ್ಟ್ ಎಂದರೆ 400 ವೋಲ್ಟಿನ 27.5 ಪಟ್ಟು. ಪ್ರವಾಹ 72ರಿಂದ 2.6 ಆಂಪಿಯರಿಗೆ ಇಳಿಯುತ್ತದೆ. ಅದೇ ತಂತಿ, ಅದೇ ದೂರ; ನಷ್ಟ ಮಾತ್ರ 7776 ವ್ಯಾಟಿನಿಂದ ಸುಮಾರು 10 ವ್ಯಾಟಿಗೆ! ಒಂದೇ ದೊಡ್ಡ ಟಿ.ಸಿ. ಇಟ್ಟು ಉದ್ದನೆಯ 400 ವೋಲ್ಟಿನ ತಂತಿ ಎಳೆಯುವ ಬದಲು, 11,000 ವೋಲ್ಟನ್ನೇ ತೋಟದ ಹತ್ತಿರಕ್ಕೆ ತಂದು ಅಲ್ಲಲ್ಲಿ ಚಿಕ್ಕ ಟಿ.ಸಿ. ಇಡುವುದು ಒಳ್ಳೆಯದೆಂದು ಎಂಜಿನಿಯರುಗಳು ಹೇಳುವುದು ಈ ಕಾರಣಕ್ಕೆ.

ನಾವು ಮಾಡಬಹುದಾದದ್ದು

ಮೊದಲನೆಯದು, ಮೋಟಾರಿನ ಸ್ಟಾರ್ಟರಿನಲ್ಲಿರುವ ಓವರ್‌ಲೋಡ್ ರಿಲೇ. ಪ್ರವಾಹ ಮಿತಿ ಮೀರಿದಾಗ ಮೋಟಾರನ್ನು ನಿಲ್ಲಿಸುವುದೇ ಅದರ ಕೆಲಸ. ‘ಪದೇ ಪದೇ ಟ್ರಿಪ್ ಆಗುತ್ತದೆ’ ಎಂದು ಅದರ ಮಿತಿಯನ್ನು ಏರಿಸಿಡುವುದು, ಜ್ವರ ತೋರಿಸಿದ ಥರ್ಮಾಮೀಟರನ್ನು ಒಡೆದಂತೆ.

ಎರಡನೆಯದು, ಕೆಪಾಸಿಟರ್. ಇದನ್ನು ಮೋಟಾರಿನ ಹತ್ತಿರ ಅಳವಡಿಸಿ ಪವರ್ ಫ್ಯಾಕ್ಟರನ್ನು 0.8ರಿಂದ 0.95ಕ್ಕೆ ಏರಿಸಿದರೆ ಲೈನಿನ ಪ್ರವಾಹ ಶೇಕಡಾ 16ರಷ್ಟು, ಲೈನಿನ ನಷ್ಟ ಶೇಕಡಾ 29ರಷ್ಟು ಇಳಿಯುತ್ತದೆ. ಒಬ್ಬರು ಹಾಕಿದರೆ ಲಾಭ ಅಲ್ಪ, ಒಂದು ಟಿ.ಸಿ.ಯವರೆಲ್ಲ ಹಾಕಿದರೆ ಕೊನೆಯ ತೋಟಕ್ಕೂ ವೋಲ್ಟೇಜ್ ಉಳಿಯುತ್ತದೆ.

ಮೂರನೆಯದು, ಸರದಿ. ಒಂದೇ ಟಿ.ಸಿ.ಯ ರೈತರು ಒಬ್ಬರಾದ ಮೇಲೊಬ್ಬರು, ಕೆಲವು ನಿಮಿಷಗಳ ಅಂತರದಲ್ಲಿ ಮೋಟಾರು ಹಾಕಿಕೊಳ್ಳಲು ಒಪ್ಪಿಕೊಂಡರೆ ಖರ್ಚಿಲ್ಲದೆ ಅರ್ಧ ತೊಂದರೆ ತಪ್ಪುತ್ತದೆ. ಈ ಲೆಕ್ಕವನ್ನು ಊರಿನ ಹಿರಿಯರ ಮುಂದೆ ಬಿಡಿಸಿ ತೋರಿಸುವ ಕೆಲಸ ನಿಮ್ಮದು.

ಓಮನ ನಿಯಮ ಪ್ರಾಣವನ್ನೂ ಕಾಯುತ್ತದೆ. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದರೆ 230 ವೋಲ್ಟ್ ತಾಗಿದಾಗ 0.23 ಆಂಪಿಯರ್ ಹರಿಯುತ್ತದೆ. 0.03 ಆಂಪಿಯರೇ ಅಪಾಯದ ಗೆರೆ. ಆದ್ದರಿಂದ ನೀರು ಹಾಯಿಸುತ್ತಿರುವಾಗ ಒದ್ದೆ ಕೈಕಾಲಿನಲ್ಲಿ ಸ್ಟಾರ್ಟರನ್ನು ಮುಟ್ಟಬೇಡಿ. ಕಾಯಿ ಕೀಳುವ ಲೋಹದ ದೋಟಿಯನ್ನು ವಿದ್ಯುತ್ ತಂತಿಯ ಹತ್ತಿರ ಎತ್ತಲೇಬೇಡಿ. ಬಿದಿರಿನ ದೋಟಿಯೂ ಒದ್ದೆಯಾಗಿದ್ದರೆ ನಂಬತಕ್ಕದ್ದಲ್ಲ. ಟಿ.ಸಿ.ಯ ಫ್ಯೂಸು ಹಾಕುವುದು ಲೈನ್‌ಮನ್‌ನ ಕೆಲಸ, ನಮ್ಮದಲ್ಲ.

ಕೊನೆಯದಾಗಿ ಒಂದು ಹೊಸ ಮಾತು. ಅಜ್ಜನಿಗೆ ಮಂಕಾದ ಬಲ್ಬೇ ವೋಲ್ಟ್‌ಮೀಟರ್ ಆಗಿತ್ತು. ಇಂದು ಮನೆಗಳಲ್ಲಿ ಎಲ್‌ಇಡಿ ಬಲ್ಬುಗಳು ಬಂದಿವೆ. ಒಳ್ಳೆಯ ಎಲ್‌ಇಡಿ ಬಲ್ಬು ವೋಲ್ಟೇಜ್ ಸಾಕಷ್ಟು ಇಳಿದರೂ ಮಂಕಾಗುವುದಿಲ್ಲ. ಮನೆ ಬೆಳಗುತ್ತಿರುತ್ತದೆ, ಬಾವಿಯೊಳಗೆ ಮೋಟಾರು ಬೇಯುತ್ತಿರುತ್ತದೆ. ಬಲ್ಬನ್ನು ನೋಡಿ ಎಚ್ಚರಗೊಳ್ಳುವ ಕಾಲ ಹೋಯಿತು. ಪ್ಯಾನಲ್ ಬೋರ್ಡಿನ ವೋಲ್ಟ್‌ಮೀಟರು, ಅಮ್ಮೀಟರುಗಳನ್ನು ಓದಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಆ ಒಬ್ಬರು ನೀವೇ ಆಗಿರಿ.

ನೀವೇ ಬಿಡಿಸಿ

1. ‘230 ವೋಲ್ಟ್, 750 ವ್ಯಾಟ್’ ಎಂದು ಬರೆದಿರುವ ಇಸ್ತ್ರಿ ಪೆಟ್ಟಿಗೆಯ ಪ್ರವಾಹ ಎಷ್ಟು? ರೋಧ ಎಷ್ಟು?
2. 230 ವೋಲ್ಟಿನ 60 ವ್ಯಾಟ್ ಮತ್ತು 100 ವ್ಯಾಟ್ ತಂತು ಬಲ್ಬುಗಳು ಉರಿಯುತ್ತಿರುವಾಗ ಯಾವುದರ ರೋಧ ಹೆಚ್ಚು?
3. 2 ಓಮ್ ರೋಧದ ತಂತಿಯಲ್ಲಿ ಪ್ರವಾಹ 5 ಆಂಪಿಯರಿನಿಂದ 10 ಆಂಪಿಯರಿಗೆ ಏರಿದರೆ ನಷ್ಟ ಎಷ್ಟರಿಂದ ಎಷ್ಟಕ್ಕೆ ಏರುತ್ತದೆ?

ಉತ್ತರಗಳು: 1. 3.26 ಆಂಪಿಯರ್, 70.5 ಓಮ್. 2. 60 ವ್ಯಾಟಿನದು (882 ಓಮ್). 100 ವ್ಯಾಟಿನದು 529 ಓಮ್. 3. 50 ವ್ಯಾಟಿನಿಂದ 200 ವ್ಯಾಟಿಗೆ.